‘ಎಸ್ಟೇಟ್’ ಮುಂದೆ ಒಂದು ಫೋಟೊ

“ಇದು ಹಳೆಯ ಎಸ್ಟೇಟ್” ಎನ್ನುತ್ತ ಡ್ರೈವರ್ ವ್ಯಾನ್ ನಿಲ್ಲಿಸಿದ. ಕ್ರೂಸ್ ಹಡಗು ನಿಲ್ಲುವ ನಾಲ್ಕೇ ಗಂಟೆಯಲ್ಲಿ ಕೆರಿಬಿಯನ್ ದ್ವೀಪವೊಂದನ್ನು ‘ಕವರ್’ ಮಾಡಲು ಹೊರಟಿದ್ದ ನ್ಯೂಜೆರ್ಸಿ ಕನ್ನಡಿಗರು ನಾವು. ಎಸ್ಟೇಟ್ ಎಂದರೆ ನಮಗೆ ಚಿಕ್ಕಮಗಳೂರಿನ ಕಾಫಿ ತೋಟ, ಬಂಗಲೆ. ನಮ್ಮ ಗುಂಪಿನಲ್ಲಿದ್ದ, ಮನ್ರೋ ಊರಿನ ಸಾಫ್ಟ್‌ವೇರ್ ಮ್ಯಾನೇಜರ್ ಒಬ್ಬರು ಕ್ಯಾಮೆರಾವನ್ನು ಡ್ರೈವರ್ ಕೈಗಿತ್ತು, ಪಾಳುಗೋಡೆಗೆ ಒರಗಿ, “ಬಾರೇ, ಓನರ್ಸ್ ಥರ ಪೋಸ್ ಕೊಡೋಣ” ಎಂದು ಹೆಂಡತಿಯನ್ನು ಕರೆದರು.

ಫೋಟೊ ತೆಗೆದ ಡ್ರೈವರ್ ಮೆಲ್ಲಗೆ ಹೇಳಿದ: “ನಮ್ಮ ಹಿರಿಯರನ್ನು ಗುಲಾಮರನ್ನಾಗಿ ಮಾಡಿ, ಕೂಡಿಹಾಕಿ, ಕಬ್ಬಿನ ತೋಟದಲ್ಲಿ ದುಡಿಸಿದ್ದು ಇಲ್ಲೇ, ಸರ್.”

“ಓ, ನೈಸ್! ಒನ್ ಮೋರ್ ಪ್ಲೀಸ್” ಎಂದರು ಮ್ಯಾನೇಜರ್.

ಆ ಫೋಟೊ ಈಗ ಅವರ ಲಿವಿಂಗ್ ರೂಮಿನ ಗೋಡೆಯ ಮೇಲಿದೆ. “ಗ್ರೀನ್ ಕಾರ್ಡ್ ಆಸೆ ತೋರಿಸಿ ಕಂಪನಿ ನಮ್ಮನ್ನ ಗುಲಾಮರ ಥರ ದುಡಿಸ್ತಿದೆ ಕಣ್ರೀ” ಎಂದು ಅವರು ಗೋಳಾಡುವುದು ಅದರ ಕೆಳಗೇ ಕುಳಿತು. ಅವರ ಮನೆಯ ಉಪ್ಪಿಟ್ಟು ತಿನ್ನುತ್ತ ನಾನೂ ತಲೆಯಾಡಿಸುತ್ತೇನೆ.