ಬಿಸ್ಕತ್ತಿನ ಮನೆಯ ಬಾಗಿಲು

ಕ್ರಿಸ್‌ಮಸ್ ರಜೆಯಲ್ಲಿ ನನ್ನ ಮಗಳು ಮೊಬೈಲ್ ನೋಡಿಕೊಂಡು ಶುಂಠಿ ಬಿಸ್ಕತ್ತಿನ ಮನೆ ಕಟ್ಟಿದಳು. ಸಕ್ಕರೆಯ ಅಂಟಿಗೆ ಗೋಡೆ ನಿಲ್ಲದೆ ಮತ್ತೆ ಮತ್ತೆ ಕುಸಿದಾಗ, ನಮ್ಮ ಅತ್ತೆ ಉಂಡಿ ಕಟ್ಟುವ ಹಾಗೆ ಬೆಲ್ಲದ ಗಟ್ಟಿ ಪಾಕ ಮಾಡಿ ನಿಲ್ಲಿಸಿಕೊಟ್ಟರು. ಚಾವಣಿಗೆ ಬಣ್ಣದ ಬಡೇಸೋಪು ಅಂಟಿಸಿದರು. ಹೊಸ್ತಿಲಿಗೆ ಕುಂಕುಮ ಇಡಲು ಹೋದಾಗ, ತಿನ್ನುವ ವಸ್ತುವಿಗೆ ಬೇಡವೆಂದು ನಾನೇ ತಡೆದೆ.

ಸಂಜೆ ಓಣಿಯ ಮಕ್ಕಳು ಸುತ್ತ ಕೂತರು. ವಿಡಿಯೋದಲ್ಲಿದ್ದಂತೆ ಮನೆ ಒಡೆದು ಹಂಚಲು ಮಗಳು ಲಟ್ಟಣಿಗೆ ಎತ್ತಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ.

"ಆಯಿ, ಬಿಡು! ಕೈ ನೋಯಾಕತ್ತೈತಿ!" ಎಂದು ಮಗಳು ಅಜ್ಜಿಗೆ ಚೀರಿದಳು.

ಮಂದಿಯ ಮಕ್ಕಳೆದುರು ಇದೇನು ರಂಪವೆಂದು ನನಗೆ ಸಿಟ್ಟು ನೆತ್ತಿಗೇರಿತು. "ಬಿಡ್ರಿ ಅತ್ತಿ, ಬರೇ ಬಿಸ್ಕೀಟ್ ಐತಿ," ಎಂದೆ.

"ಮೊದಲ ಬಾಗಿಲಾ ತಗೀಬೇಕು. ಆಮ್ಯಾಲ ಮುರೀರಿ," ಎಂದರು ಅತ್ತೆ.

ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುನ್ನ ಅವರ ಮನೆಯನ್ನೂ ಹಾಗೆಯೇ, ಮೊದಲು ಬಾಗಿಲು ತೆಗೆದು, ಬಿಚ್ಚಿದ್ದರು. ಆ ತೇಗದ ಬಾಗಿಲನ್ನೇ ನವನಗರದ ಈ ಮನೆಗೆ ಕೂರಿಸಿದ್ದು. ಮಳೆಗಾಲದಲ್ಲಿ ಉಬ್ಬಿಕೊಂಡು ಹಾಕಲು ಬರುವುದಿಲ್ಲವೆಂದು ನಾನು ವರ್ಷವರ್ಷವೂ ಬಯ್ಯುವ ಬಾಗಿಲು ಅದೇ.

ಅತ್ತೆ ಚಾಕುವಿನ ತುದಿಯಿಂದ ಬಿಸ್ಕತ್ತಿನ ಬಾಗಿಲನ್ನು ಮುಕ್ಕಾಗದಂತೆ ಎಬ್ಬಿಸಿ ಸೆರಗಿನಲ್ಲಿ ಇಟ್ಟುಕೊಂಡರು.

"ಹೂಂ, ಇನ್ನ ಬಡೀರಿ."

ಮಗಳು ಲಟ್ಟಣಿಗೆಯನ್ನು ನನ್ನ ಕೈಗಿಟ್ಟಳು.