ಕಾಣದಿದ್ದಾಗಿನ ನಗು

ಈಜುಕೊಳದ ಟೀಚರಮ್ಮನಿಗೆ ಮಕ್ಕಳ ತಾಯಂದಿರು ಇಟ್ಟ ಅಡ್ಡಹೆಸರು 'ಕಲ್ಲೆದೆ'. ಕಂಬಿಗೆ ಜೋತುಬಿದ್ದು ಅಳುವ ಮಗುವಿನೆದುರು ತುಸು ದೂರ ನೀರಿನಲ್ಲಿ ನಿಂತು, ನಗುನಗುತ್ತಲೇ "ಬಿಡು ಕೈ!" ಎನ್ನುವಳು. ಮಗು ಬಿಡುತ್ತಿತ್ತು, ಈಜುತ್ತಲೂ ಇತ್ತು.

ಅಸಲು ಸಂಗತಿಯೆಂದರೆ ಅವಳಿಗೆ ಒಂದು ಮಾರು ಆಚೆಯ ಮುಖ ಕಾಣುತ್ತಿರಲಿಲ್ಲ. ಕನ್ನಡಕ ನೀರಿಗೆ ಆಗದು, ಲೆನ್ಸ್ ಹಾಕಿಕೊಂಡು ನೀರಿಗಿಳಿಯಕೂಡದು. ದಡದಲ್ಲಾದರೂ ಇರಲಿ ಎಂದು ಹಾಕಿಕೊಂಡರೆ ಕಣ್ಣು ಒಣಗಿ, ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಟೋಪಿಯ ಬಣ್ಣ, ಕಾಲು ಬಡಿಯುವ ಸದ್ದು, ಇಷ್ಟರಲ್ಲೇ ಮಕ್ಕಳ ಗುರುತು. ಕಾವಲಿಗೆ ಇನ್ನೊಬ್ಬನಿದ್ದ, ಪುಣ್ಯ.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಮಲಗುವಾಗ ಹಾಕಿಕೊಳ್ಳುವ ಗಟ್ಟಿ ಲೆನ್ಸ್ ಕೊಟ್ಟರು.

"ನೀವು ನಿದ್ದೆ ಮಾಡ್ತಿರ್ತೀರಿ, ಅದು ಕಣ್ಣಿನ ಮೇಲ್ಮೈನ ಒಂಚೂರು ತಿದ್ದುತ್ತೆ. ಬೆಳಿಗ್ಗೆ ತೆಗೆದಿಡಿ, ದಿನವೆಲ್ಲ ಅದಿಲ್ಲದೇನೇ ಕಾಣುತ್ತೆ. ಹಗಲು ಕಣ್ಣಲ್ಲಿ ಏನೂ ಇರಲ್ಲ, ಚುಚ್ಚೋಕೆ. ಹಾಕೋದು ನಿಲ್ಲಿಸಿದ್ರೆ ಮಾತ್ರ ಮತ್ತೆ ಮೊದಲಿನ ಹಾಗೇ."

"ಎಚ್ಚರ ಇರುವಾಗ್ಲೇ ನನ್ನನ್ನ ಯಾರಿಗೂ ತಿದ್ದೋಕಾಗಿಲ್ಲ, ಡಾಕ್ಟ್ರೇ!"

ಕೆಲವೇ ದಿನಗಳಲ್ಲಿ ಆಚೆ ದಡದ ಗೋಡೆಯ ಬಿರುಕೂ ಕಂಡಿತು. ಮುಖಗಳೂ ಕಂಡವು, ಎಡವಟ್ಟಾದದ್ದು ಅಲ್ಲೇ. ಕೆಂಪು ಟೋಪಿಯ ಹುಡುಗಿಯ ತುಟಿ ಅದುರುತ್ತಿತ್ತು, ಕಣ್ಣಲ್ಲಿ ಜೀವಭಯ. ಟೀಚರಮ್ಮನಿಗೆ "ಬಿಡು" ಎನ್ನಲು ಬಾಯೇ ಬರಲಿಲ್ಲ. ಅವಳ ಗಾಬರಿಯ ಮುಖ ನೋಡಿ ಹುಡುಗಿ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆ ವಾರ ಯಾವ ಮಗುವೂ ಕೈ ಬಿಡಲಿಲ್ಲ. ಕಲ್ಲೆದೆ ಎನ್ನುತ್ತಿದ್ದವರೇ ಈಗ, ಇವಳಿಗೇನಾಯಿತು ಎಂದು ಗುಸುಗುಸು ಶುರು ಹಚ್ಚಿದರು. ಜನರನ್ನು ಮೆಚ್ಚಿಸುವುದು ಯಾರಪ್ಪನಿಂದಲೂ ಸಾಧ್ಯವಿಲ್ಲ.

"ಈ ಲೆನ್ಸ್ ಬೇಡವೇ ಬೇಡ. ಕಾಣದೆ ಇದ್ದಾಗ್ಲೇ ನನ್ನ ಕೆಲಸ ನೆಟ್ಟಗಿತ್ತು" ಎಂದು ಮನೆಗೆ ಬಂದಿದ್ದ ತಂಗಿಯ ಮಗಳ ಮುಂದೆ ಹಲುಬಿದಳು. ಚಿಕ್ಕಂದಿನಲ್ಲಿ ಅವಳಿಗೆ ಈಜು ಕಲಿಸಿದವಳೂ ಇವಳೇ.

"ದೊಡ್ಡಮ್ಮ, ಅವತ್ತು ನಾನು ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ. ಆದ್ರೆ ನೀನು ನಗ್ತಿದ್ದೆ. ನನ್ನ ನೋಡ್ಕೊಂಡು ನಗ್ತಿದಾಳೆ ಅಂದ್ರೆ ಏನೂ ಆಗಲ್ಲ ಅಂತ ಕೈ ಬಿಟ್ಟೆ."

"ಅಯ್ಯೋ, ನಂಗೆ ನಿನ್ನ ಮುಖ ಕಾಣ್ತಾನೇ ಇರಲಿಲ್ಲ ಕಣೇ."

"ನಂಗೆ ನಿನ್ನ ಮುಖ ಕಾಣ್ತಿತ್ತಲ್ಲ!"

ಅಂದೂ ಲೆನ್ಸ್ ಹಾಕಿಕೊಂಡೇ ಮಲಗಿದಳು. ಮರುದಿನ ಕೆಂಪು ಟೋಪಿಯೆದುರು ನಿಂತು ಆ ಭಯವನ್ನೆಲ್ಲ ಕಣ್ಣು ತಪ್ಪಿಸದೆ ನೋಡಿದಳು. ಆದರೂ ನಕ್ಕಳು. ಅಷ್ಟು ಕಷ್ಟಪಟ್ಟು ಅವಳು ಎಂದೂ ನಕ್ಕಿರಲಿಲ್ಲ.

"ನಿನ್ನನ್ನೇ ನೋಡ್ತಾ ಇದೀನಿ ಪುಟ್ಟಿ. ಬಿಡು."

ಹುಡುಗಿ ಕೈ ಬಿಟ್ಟಳು.