ಒರೆಸಿದವರ ಹೆಸರು

ಮೊನ್ನೆ ಮೊಮ್ಮಗಳ ಪುಟ್ಟ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಬಟ್ಟೆ ಹಿಂಡುವಾಗ ಸೀಮೆಸುಣ್ಣದ ಹಸಿ ವಾಸನೆ ಮೂಗಿಗೆ ಬಡಿಯಿತು. ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದವಳಿಗೆ ಆ ವಾಸನೆಯಿಂದ ತರಗತಿ ನೆನಪಾಗಬೇಕು. ನನಗೆ ಮಾತ್ರ ವಾಚನಾಲಯದ ಕಾಕಾ ನೆನಪಾಗುತ್ತಾರೆ.

ಎಪ್ಪತ್ತರ ದಶಕದ ಮಾತು. ಸಿಂದಗಿಯಲ್ಲಿ ನನಗೆ ನೌಕರಿ ಸಿಕ್ಕಿ ಮೂರು ವರ್ಷವಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯ ಎದುರಿಗೇ ವಾಚನಾಲಯ. ಅದನ್ನು ನೋಡಿಕೊಳ್ಳುವವರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು, ಟೀಚರಾದ ನನ್ನನ್ನು ಅಕ್ಕೋರು. ಬಾಗಿಲ ಪಕ್ಕದ ಗೋಡೆಗೆ ಆಳೆತ್ತರದ ಒಂದು ಕರಿಹಲಗೆ. ಅದರ ಮೇಲೆ ಯಾರು ಬೇಕಾದರೂ ಸುದ್ದಿ ಬರೆಯಬಹುದಿತ್ತು. ತಾಳಿಕೋಟೆ ಬಸ್ಸು ಕೆಟ್ಟು ನಿಂತದ್ದು, ಮೋರಟಗಿಯವರ ಎಮ್ಮೆ ತಪ್ಪಿಸಿಕೊಂಡದ್ದು, ಸೂಜಿ ಹಾಕುವ ಡಾಕ್ಟರು ಬರುವ ದಿನ, ಎಲ್ಲ ಅಲ್ಲೇ. ಪತ್ರಿಕೆ ಬರುತ್ತಿದ್ದದ್ದು ಮಧ್ಯಾಹ್ನಕ್ಕೆ. ಅಷ್ಟರೊಳಗೆ ಊರು ಹಲಗೆ ಓದಿ ಮುಗಿಸಿರುತ್ತಿತ್ತು.

ಕಾಕಾ ಮಾಡಿದ ಕಾಯಿದೆ ಎರಡೇ. ಬರೆದವರು ಕೆಳಗೆ ಹೆಸರು ಹಾಕಬೇಕು. ಯಾರಾದರೂ ಒರೆಸಿದರೆ, ಅವರೂ ಅದೇ ಜಾಗದಲ್ಲಿ ತಮ್ಮ ಹೆಸರು ಬರೆಯಬೇಕು. ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಉಳಿಯುತ್ತಿತ್ತು ಅಂತಲ್ಲ. ಬರೆದವರನ್ನು ಕೂರಿಸಿಕೊಂಡು, ಕಣ್ಣಿಂದ ಕಂಡದ್ದೋ ಬರೀ ಕೇಳಿದ್ದೋ ಎಂದು ವಿಚಾರಿಸುತ್ತಿದ್ದರು. ಒಮ್ಮೆ ಶಾಲೆ, ವಾಚನಾಲಯ ಎರಡನ್ನೂ ನಡೆಸುತ್ತಿದ್ದ ಕಮಿಟಿಯ ಹಿರಿಯರೊಬ್ಬರು ತಮಗಾಗದ ಮನೆಯ ಸೊಸೆಯ ಬಗ್ಗೆ ಒಂದು ಸಾಲು ಗೀಚಿ ದೊಡ್ಡದಾಗಿ ರುಜು ಹಾಕಿದ್ದರು. ಕಾಕಾ ಅವರೆದುರಿಗೇ ಅದನ್ನು ಒರೆಸಿ, ತಮ್ಮ ಹೆಸರು ಬರೆದು, ಕೈ ಝಾಡಿಸಿಕೊಂಡರು. ಹಿರಿಯರು ನಕ್ಕರು. ಆ ನಗು ನನಗೆ ಸರಿಬರಲಿಲ್ಲ.

ಆ ಬೇಸಿಗೆಯಲ್ಲಿ ಹೊಳೆಗೆ ಎಲ್ಲೋ ಸೇತುವೆ ಕಟ್ಟುತ್ತಿದ್ದರು. ಕಂಬ ನಿಲ್ಲುತ್ತಿಲ್ಲವಂತೆ, ಕೂಸಿನ ಬಲಿ ಬೇಡುತ್ತಿದೆಯಂತೆ ಎಂದು ಬಾವಿಕಟ್ಟೆಯ ಮೇಲೆ ಗುಸುಗುಸು ಶುರುವಾಗಿತ್ತು. ಯಾರೂ ಜೋರಾಗಿ ಆಡುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಓಣಿಯ ಬಾಗಿಲುಗಳು ಮುಚ್ಚುತ್ತಿದ್ದವು...

ಅದೇ ವಾರ ಕಾಕಾನ ತಂಗಿಯ ಗಂಡನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಇಂಗಳೇಶ್ವರಕ್ಕೆ ಹೊರಟವರು ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

“ಎರಡು ದಿನದ ಮಾತು, ಅಕ್ಕೋರ. ಹೆಸರಿಲ್ಲದ ಮಾತು ಹಲಗಿ ಮ್ಯಾಲ ಒಂದು ತಾಸೂ ನಿಂದರಬಾರದು ನೋಡ್ರಿ.”

ಅಷ್ಟೇನು ಮಹಾ ಕೆಲಸ ಎಂದು ನಾನು ನಕ್ಕಿದ್ದೆ.

ಮರುದಿನ ಸಂಜೆ ಶಾಲೆ ಬಿಟ್ಟು ಬಂದಾಗ ಹಲಗೆಯ ಮೇಲೆ ವಕ್ರವಕ್ರವಾದ ಎರಡು ಸಾಲು. ಸೇತುವೆಗೆ ಬಲಿ ಕೊಡಲು ಮಕ್ಕಳನ್ನು ಒಯ್ಯುತ್ತಿದ್ದಾರೆ, ಚೀಲ ಹೊತ್ತವರು ಬಂದಿದ್ದಾರೆ. ಕೆಳಗೆ ಹೆಸರಿಲ್ಲ. ಬಟ್ಟೆ ಒದ್ದೆ ಮಾಡಿಕೊಂಡು ನಿಂತೆ. ಒರೆಸಿದರೆ ನನ್ನ ಹೆಸರು ಬರೆಯಬೇಕು. ನಾಳೆ ನಿಜವಾಗಿಯೂ ಒಂದು ಮಗು ಕಾಣೆಯಾದರೆ? ಊರು ಯಾರನ್ನು ಕೇಳುತ್ತದೆ? ಅಷ್ಟರಲ್ಲಿ ನಾಲ್ಕೈದು ಹೆಂಗಸರು ಬಂದು, ಅಕ್ಷರ ತಿಳಿಯುತ್ತಿಲ್ಲ, ಏನು ಬರೆದಿದೆ ಎಂದು ಕೇಳಿದರು. ಕೆಟ್ಟ ಬರಹ ಕಂಡರೆ ತಿದ್ದಿ ಬರೆಯುವುದು ನನ್ನ ಚಾಳಿ. ಆ ಎರಡೂ ಸಾಲನ್ನು ಗುಂಡಗೆ, ಮಕ್ಕಳಿಗೆ ಕಾಪಿ ಬರೆದುಕೊಡುವ ಹಾಗೆ, ಮತ್ತೆ ಬರೆದೆ. ಮೇಲೆ ‘ಎಚ್ಚರಿಕೆ’ ಎಂದು ಸೇರಿಸಿದೆ. ಹೆಸರು ಮಾತ್ರ ಬರೆಯಲಿಲ್ಲ.

ಬೆಳಿಗ್ಗೆ ನನ್ನ ತರಗತಿಗೆ ಬಂದದ್ದು ಒಂಬತ್ತೇ ಮಕ್ಕಳು. ಓಣಿಯಲ್ಲಿ ಒಂದು ಕೂಸಿನ ಅಳುವೂ ಕೇಳಿಸುತ್ತಿರಲಿಲ್ಲ. ಹನ್ನೊಂದರ ಸುಮಾರಿಗೆ ಕಲಾಯಿಯವನು ಬಂದ. ವರ್ಷಕ್ಕೊಮ್ಮೆ ಬಂದು ಶಾಲೆಯ ಬೇವಿನ ಕೆಳಗೆ ತಿದಿ ಊದಿ, ಊರ ಹಿತ್ತಾಳೆ ಪಾತ್ರೆಗಳಿಗೆಲ್ಲ ತವರದ ಹೊಳಪು ಕೊಡುತ್ತಿದ್ದವನು. ಬೆನ್ನ ಮೇಲೆ ಚೀಲ. ಪ್ರತಿ ವರ್ಷವೂ ಅದೇ ಚೀಲ.

ಕಿಟಕಿಯಿಂದ ನೋಡುತ್ತಿದ್ದೆ. ಮೊದಲು ಇಬ್ಬರು ಬಂದರು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಚೀಲ ಸುರುವಿದರು. ತಿದಿ, ಇಕ್ಕಳ, ನವಸಾಗರದ ಪುಡಿ, ಕೊನೆಗೆ ಒಂದು ಹೊಸ ಪುಟ್ಟ ಲಂಗ. ತಾಳಿಕೋಟೆ ಸಂತೆಯಲ್ಲಿ ಮಗಳಿಗೆ ಕೊಂಡದ್ದು ಎಂದು ಅವನು ಕೈಮುಗಿದು ಹೇಳುತ್ತಲೇ ಇದ್ದ. ಯಾರೋ ಒಬ್ಬರು ಸ್ವಲ್ಪ ತಡೆಯಿರಿ ಅಂದರು. ಅದಕ್ಕೆ ಬಂದ ಉತ್ತರ ಈಗಲೂ ಕಿವಿಯಲ್ಲಿದೆ.

“ಅಕ್ಕೋರ ಬರದಾರ. ಅಕ್ಕೋರ ಸುಳ್ಳ ಬರೀತಾರೇನು?”

ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ನಾನು ಬಾಗಿಲ ಚಿಲಕ ಹಾಕಿದೆ. ಒಂಬತ್ತು ಮಕ್ಕಳಿಗೆ ಮಗ್ಗಿ ಹೇಳಲು ಹಚ್ಚಿದೆ, ಜೋರಾಗಿ, ಹೊರಗಿನ ಸದ್ದು ಕೇಳದಂತೆ... ಹೊಡೆತ ತಿಂದವನ ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಅವನ ಕಸುಬೆಲ್ಲ ಆ ಕೈಯಲ್ಲಿತ್ತು.

ಮಾರನೆಯ ದಿನ ಬಸ್ಸಿಳಿದ ಕಾಕಾ ನೆಟ್ಟಗೆ ಹಲಗೆಯ ಮುಂದೆ ಬಂದು ನಿಂತರು. ತುಸು ಹೊತ್ತು ಓದಿದರು.

“ಅಕ್ಷರ ಭಾಳ ಛಲೋ ಅದಾವ್ರಿ, ಅಕ್ಕೋರ,” ಅಂದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬಟ್ಟೆ ತೊಯ್ಸಿ ಒರೆಸಿದರು, ಈ ಮಾತು ಸುಳ್ಳು ಎಂದು ಬರೆದು ಕೆಳಗೆ ತಮ್ಮ ಹೆಸರು ಹಾಕಿದರು.

ಎರಡು ದಿನ ಬಿಟ್ಟು ಕಮಿಟಿ ಸೇರಿತು. ಅಂದು ನಕ್ಕಿದ್ದ ಹಿರಿಯರೇ ನಡುವೆ ಕೂತಿದ್ದರು. ನನ್ನನ್ನೂ ಕರೆಸಿದ್ದರು. ಅದು ಯಾರ ಬರಹ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದು ನಿಂತರು.

“ಅವರದೇನೂ ತಪ್ಪಿಲ್ರಿ. ಊರಿಗೆ ಹೋಗೂಮುಂದ ನಾನ ಹೇಳಿ ಬರಸೇನಿ.”

ಕಣ್ಣಿಂದ ಕಾಣದ ಮಾತನ್ನು ಹಲಗೆಯ ಮೇಲೆ ಬಿಡದ ಮನುಷ್ಯ ಅಂದು ತುಂಬಿದ ಸಭೆಯಲ್ಲಿ ಸುಳ್ಳು ಹೇಳಿದರು. ಹಿರಿಯರು ನನ್ನ ಕಡೆ ತಿರುಗಿ, ಹೌದೇನು ಎಂದು ಕೇಳಿದರು. ನಾನು ತಲೆಯಾಡಿಸಿದೆ. ಕಾಯಂ ಆಗದ ನೌಕರಿ, ಮನೆಯಲ್ಲಿ ಇಬ್ಬರು ತಂಗಿಯರು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾನು ಅಂಜಿದ್ದೆ, ಅಷ್ಟೇ.

ಕಾಕಾನನ್ನು ಕೆಲಸದಿಂದ ತೆಗೆದರು. ಹಲಗೆಯನ್ನೂ ಕಿತ್ತರು. ಅವರು ಇಂಗಳೇಶ್ವರದ ತಂಗಿಯ ಮನೆ ಸೇರಿದರು. ಆ ಕಡೆ ಹೋಗುವ ಬಾಗೇವಾಡಿಯ ಬಸ್ಸು ನನ್ನೆದುರಿಗೇ ಎಷ್ಟು ಸಲ ಹೋಗಿರಬಹುದು... ಹತ್ತಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ತಿಂಗಳು ಕಳೆದ ಮೇಲೆ ನನಗೆ ತಿಳಿಯಿತು.

ಈಗ ನನ್ನ ಹಳೆಯ ವಿದ್ಯಾರ್ಥಿಗಳದೊಂದು ಗುಂಪು ಮೊಬೈಲಿನಲ್ಲಿದೆ. ಮುನ್ನೂರು ಜನ. ಅಕ್ಕೋರು ಎಂಬ ಗೌರವಕ್ಕೆ ನನ್ನನ್ನೇ ಅಡ್ಮಿನ್ ಮಾಡಿದ್ದಾರೆ. ಮೊನ್ನೆ ಮೊಮ್ಮಗಳ ಹಲಗೆ ಒರೆಸಿದ ದಿನವೇ ಅದರಲ್ಲಿ ಒಂದು ಸಂದೇಶ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ, ಚೀಲ ಹೊತ್ತವರನ್ನು ಕಂಡರೆ ಬಿಡಬೇಡಿ, ಎಲ್ಲರಿಗೂ ಕಳಿಸಿ. ಬರೆದವರ ಹೆಸರಿಲ್ಲ. ಕಳಿಸಿದವನನ್ನು ಕೇಳಿದೆ, ನೀನು ಕಂಡಿದ್ದೀಯಾ ಎಂದು. ಇಲ್ಲ, ಬಂದದ್ದನ್ನು ಮುಂದೆ ಕಳಿಸಿದೆ ಅಂದ. ಅಳಿಸಿದೆ. ಅಳಿಸಿದ್ದು ನಾನು ಎಂದು ಹೆಸರು ಬರೆದೆ. ಯಾಕೆ ಎಂದು ಕೇಳಿದವರಿಗೆ ಕಲಾಯಿಯವನ ಕೈಯ ಕಥೆ ಬರೆದೆ.

ಅಂದಿನ ಒಂಬತ್ತು ಮಕ್ಕಳಲ್ಲಿ ಒಬ್ಬ ಕೂಡಲೇ ಉತ್ತರ ಬರೆದ. “ನೆನಪೈತ್ರಿ ಅಕ್ಕೋರ. ಅದನ್ನ ಬರಸಿದ್ದು ಆ ವಾಚನಾಲಯದ ಮುದುಕ ಅಲ್ಲೇನ್ರಿ?”

ಊರು ಇಷ್ಟು ವರ್ಷ ಹಾಗೆಯೇ ನಂಬಿಕೊಂಡು ಬಂದಿದೆ.

ಅಲ್ಲ, ಅದನ್ನು ಬರೆದವಳು ನಾನು ಎಂದು ಬರೆದೆ. ಕೆಳಗೆ ಪೂರ್ತಿ ಹೆಸರು ಹಾಕಿದೆ. ಓದಬೇಕಾಗಿದ್ದವರು ಆ ಮುನ್ನೂರು ಜನರಲ್ಲಿ ಇರಲಿಲ್ಲ.